ಟಿಕೆಟ್ ಇದೆ, ಸೀಟಿಲ್ಲ!

ಬೆಂಗಳೂರಿನಲ್ಲಿ ದುಡಿಯುವ ನೀವು ಶಿರಗುಪ್ಪಿಯ ಅಪ್ಪನಿಗೆ ಆನ್‌ಲೈನಿನಲ್ಲಿ ಅಗ್ಗದ ವಿಮಾನ ಟಿಕೆಟ್ ತೆಗೆಸಿದಿರಿ. ಸಾಂಬ್ರಾ ನಿಲ್ದಾಣದ ಕೌಂಟರಿನಲ್ಲಿ “ನಿಮ್ಮ ಹೆಸರ ಇಲ್ರೀ ಕಾಕಾ” ಎಂದರೆ ಆ ಹಿರಿಯ ಜೀವ ಎಲ್ಲಿಗೆ ಹೋಗಬೇಕು?

ದುಡ್ಡು ಕಟ್ಟಿದ ದಿನವೇ ಪಿಎನ್‌ಆರ್ ಅನ್ನು ವಿಮಾನ ಕಂಪನಿಯ ಸ್ವಂತ ತಾಣದಲ್ಲಿ ಹಾಕಿ ನೋಡಿ. ಹೆಸರಿಲ್ಲವೇ? ಕೂಡಲೇ 1930ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಹೇಳಿ, ಬ್ಯಾಂಕಿಗೂ ತಿಳಿಸಿ. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಜಾರುತ್ತದೆ. “ರೀಫಂಡ್ ಕೊಡ್ತೀವಿ, ಒಟಿಪಿ ಹೇಳಿ” ಎಂದವನು ಎರಡನೇ ಕಳ್ಳ!

ಏಜೆಂಟ್ ಅಸಲಿ, ಆದರೆ ರೀಫಂಡಿಗೆ ಸತಾಯಿಸುತ್ತಾನೆ ಎನ್ನಿ. ಅವನ ಕಚೇರಿ ದಿಲ್ಲಿಯಲ್ಲಿದ್ದರೂ ನೀವು ಅಲ್ಲಿಗೆ ಅಲೆಯಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ವಕೀಲರೇ ಬೇಕೆಂದಿಲ್ಲ. ರಸೀದಿ, ಸಂದೇಶ ಒಂದನ್ನೂ ಅಳಿಸಬೇಡಿ.