ಮಿದುಳಿನ ಶಸ್ತ್ರವೈದ್ಯನೂ ಮನೆಯ ಮಾತೂ
(ಕಾಸರಗೋಡಿನಲ್ಲಿ ಸಂಘದ ವಾರ್ಷಿಕೋತ್ಸವದಂದು ಮಾಡಿದ ಭಾಷಣದ ಲಿಖಿತ ರೂಪ)



ಸಾಹಿತ್ಯ, ಸಂಗೀತ, ಯಕ್ಷಗಾನಗಳಿಗೆ ಮೀಸಲಾದ ಈ ವೇದಿಕೆಯಲ್ಲಿ ಶಸ್ತ್ರವೈದ್ಯರಿಗೂ ಮಣೆ ಹಾಕಿ ಕುಳ್ಳಿರಿಸಿರುವಿರಿ. ಅದು ನಿಮ್ಮ ಸೌಜನ್ಯ. ಮಿದುಳು ಮತ್ತು ಬೆನ್ನುಹುರಿಯ ಶಸ್ತ್ರಚಿಕಿತ್ಸೆಯನ್ನೇ ವೃತ್ತಿಯಾಗಿ ಹಿಡಿದ ನಮಗೆ ಕನ್ನಡದ ಉತ್ಸವದಲ್ಲೇನು ಕೆಲಸವೆಂದು ಕೆಲವರಿಗಾದರೂ ಅನಿಸಿದ್ದೀತು. ನಮ್ಮ ವೃತ್ತಿಯಲ್ಲಿ ಕತ್ತಿಯ ಕೆಲಸ ಎಷ್ಟಿದೆಯೋ ಮಾತಿನ ಕೆಲಸವೂ ಅಷ್ಟೇ ಇದೆ. ಆ ಮಾತು ನಮ್ಮದಲ್ಲ, ರೋಗಿಯದು ಮತ್ತು ಅವನ ಮನೆಯವರದು. ಇಂದು ಇದೊಂದನ್ನೇ ನಿಮ್ಮ ಮುಂದೆ ನಿವೇದಿಸಲು ಬಂದಿದ್ದೇವೆ.

ಮನುಷ್ಯನ ಮಿದುಳು ಸುಮಾರು 1,400 ಗ್ರಾಂ ತೂಗುತ್ತದೆ. ದೇಹದ ತೂಕದಲ್ಲಿ ಅದು ನೂರಕ್ಕೆ 2 ಭಾಗ ಮಾತ್ರ. ಆದರೆ ನಾವು ಉಸಿರಾಡುವ ಆಮ್ಲಜನಕದಲ್ಲಿ ನೂರಕ್ಕೆ 20 ಭಾಗವನ್ನು ಅದೊಂದೇ ಬಳಸುತ್ತದೆ. ಇಂತಹ ಅಂಗವನ್ನು ಪ್ರಕೃತಿಯು ಎಲುಬಿನ ಕರಂಡಕದೊಳಗೆ ಭದ್ರಪಡಿಸಿದೆ. ಆ ಭದ್ರತೆಯೇ ಒಮ್ಮೊಮ್ಮೆ ಆಪತ್ತಾಗುವುದುಂಟು. ಹೊಟ್ಟೆ ಉಬ್ಬಿದರೆ ಚರ್ಮ ಹಿಗ್ಗೀತು; ತಲೆಬುರುಡೆ ಹಿಗ್ಗಲಾರದು. ಒಳಗೆ ರಕ್ತ ಸೋರಿದರೂ ಗಡ್ಡೆ ಬೆಳೆದರೂ ನೀರು ತುಂಬಿದರೂ ಒತ್ತಡವೆಲ್ಲ ಮಿದುಳಿನ ಮೇಲೆಯೇ ಬೀಳುತ್ತದೆ. ಆ ಒತ್ತಡವನ್ನು ಸಕಾಲದಲ್ಲಿ ಇಳಿಸುವುದೇ ನಮ್ಮ ಶಸ್ತ್ರಕ್ರಿಯೆಯ ಬಹುಪಾಲು.

ನಮ್ಮ ದೇಶದಲ್ಲಿ ಈ ವಿದ್ಯೆ ಪ್ರತ್ಯೇಕ ಶಾಖೆಯಾಗಿ ಬೇರೂರಿ ಬಹಳ ಕಾಲವಾಗಿಲ್ಲ. 1949ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಡಾಕ್ಟರ್ ಜೇಕಬ್ ಚಾಂಡಿಯವರು ಭಾರತದ ಮೊದಲ ನರಶಸ್ತ್ರಚಿಕಿತ್ಸಾ ವಿಭಾಗವನ್ನು ಆರಂಭಿಸಿದರು. ಮರುವರ್ಷ ಮದರಾಸಿನಲ್ಲಿ ಡಾಕ್ಟರ್ ಬಿ. ರಾಮಮೂರ್ತಿಯವರು ಅದೇ ಕಾರ್ಯಕ್ಕೆ ತೊಡಗಿದರು. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಅಲ್ಲಿನ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಒಂದುಗೂಡಿ ನಿಮ್ಹಾನ್ಸ್ ಆಯಿತು. ನರಶಸ್ತ್ರವೈದ್ಯರಾದ ಡಾಕ್ಟರ್ ಆರ್. ಮಾರ್ತಾಂಡ ವರ್ಮರು ಅದರ ಮೊದಲ ನಿರ್ದೇಶಕರಾದರು.

ಆ ಹಿರಿಯರು ಕೆಲಸ ಮೊದಲುಮಾಡಿದಾಗ ಮಿದುಳಿನ ಒಳಗನ್ನು ನೇರವಾಗಿ ತೋರಿಸುವ ಯಂತ್ರವಿರಲಿಲ್ಲ. ಸಿ.ಟಿ. ಸ್ಕ್ಯಾನ್ ಮೊದಲ ಬಾರಿಗೆ ರೋಗಿಯೊಬ್ಬರ ಮಿದುಳನ್ನು ತೋರಿಸಿದ್ದು 1971ರಲ್ಲಿ, ಲಂಡನ್ನಿನಲ್ಲಿ. ಅದಕ್ಕೆ ಮುಂಚೆ ವೈದ್ಯನಿಗೆ ಮುಖ್ಯ ದಾರಿದೀಪಗಳಾಗಿದ್ದುವು ಎರಡು: ರೋಗಿಯ ವೃತ್ತಾಂತ ಮತ್ತು ತನ್ನ ಕೈಯಿಂದ ಮಾಡುವ ಪರೀಕ್ಷೆ. ಯಾವ ಕೈ ಮೊದಲು ಸೋತಿತು, ಮಾತು ಯಾವಾಗ ತೊದಲಿತು, ಸೆಳೆತ ಯಾವ ಬೆರಳಿನಿಂದ ಆರಂಭವಾಯಿತು ಎಂಬುದನ್ನು ಕೇಳಿ ತಿಳಿದು, ಗಡ್ಡೆ ಇಂತಹ ಕಡೆ ಇರಬೇಕೆಂದು ಅವರು ಊಹಿಸುತ್ತಿದ್ದರು. ಈಗ ಯಂತ್ರಗಳು ಬಂದಿರುವಾಗ ವೃತ್ತಾಂತದ ಹಂಗೇಕೆಂದು ಕೇಳಬಹುದು. ಯಂತ್ರವು ಒಳಗೆ ಏನಿದೆಯೆಂದು ತೋರಿಸುತ್ತದೆ. ಯಾರನ್ನು, ಯಾವಾಗ, ಎಷ್ಟು ಬೇಗ ಆ ಯಂತ್ರದ ಬಳಿಗೆ ಒಯ್ಯಬೇಕೆಂಬುದನ್ನು ಮನೆಯವರ ಮಾತೇ ನಿರ್ಧರಿಸುತ್ತದೆ.

ಉದಾಹರಣೆಗೆ, ಕಿವಿಯ ಮೇಲ್ಭಾಗದಲ್ಲಿ ಬುರುಡೆಯ ಎಲುಬು ತೆಳುವಾಗಿದೆ. ಅದರ ಒಳಮೈಯಲ್ಲಿ ರಕ್ತನಾಳವೊಂದು ಹಾದುಹೋಗುತ್ತದೆ. ಬೈಕಿನಿಂದ ಬಿದ್ದವನಿಗೆ ಅಲ್ಲಿ ಏಟು ತಗಲಿ ನಾಳ ಹರಿಯಿತೆನ್ನೋಣ. ಕೆಲವರು ಒಂದಿಷ್ಟು ಹೊತ್ತು ಎಚ್ಚರ ತಪ್ಪಿ, ಮತ್ತೆ ಎದ್ದು ಕುಳಿತು, ನೀರು ಕುಡಿದು, ಏನೂ ಆಗಿಲ್ಲವೆಂದು ಮನೆಗೆ ನಡೆಯುತ್ತಾರೆ. ಒಳಗೆ ರಕ್ತ ಕಟ್ಟುತ್ತಲೇ ಇರುತ್ತದೆ. ಕೆಲವು ಗಂಟೆಗಳಲ್ಲಿ ತಲೆನೋವು, ವಾಂತಿ, ಮಂಪರು. ಮಲಗಿದ್ದಾನೆ, ಎಬ್ಬಿಸುವುದು ಬೇಡವೆಂದು ಮನೆಯವರು ಬಿಟ್ಟರೆ ಆ ನಿದ್ರೆ ತಿಳಿಯದೇ ಪ್ರಜ್ಞಾಹೀನತೆಗೆ ತಿರುಗಬಹುದು. ಸಕಾಲಕ್ಕೆ ಬಂದರೆ ಬುರುಡೆ ತೆರೆದು ರಕ್ತ ತೆಗೆಯುತ್ತೇವೆ. ಅಂತಹವರಲ್ಲಿ ಬಹುಮಂದಿ ನಡೆದುಕೊಂಡು ಮನೆಗೆ ಹೋಗುವುದುಂಟು. ತಡವಾದರೆ ಅದೇ ಶಸ್ತ್ರಕ್ರಿಯೆ ನಿಷ್ಫಲವಾಗುತ್ತದೆ.

ವೃದ್ಧರ ವಿಷಯ ಇದಕ್ಕೆ ವಿಪರೀತ. ವಯಸ್ಸಾದಂತೆ ಮಿದುಳು ಸ್ವಲ್ಪ ಕುಗ್ಗುತ್ತದೆ. ಅದರ ಮೇಲಿನ ಸಿರೆಗಳು ಬಿಗಿದು ನಿಲ್ಲುತ್ತವೆ. ಬಚ್ಚಲಲ್ಲಿ ಜಾರಿ ತಲೆಗೆ ಸಣ್ಣ ಪೆಟ್ಟಾದರೂ ಸಾಕು, ಮೆಲ್ಲಗೆ ರಕ್ತ ಸೋರತೊಡಗುತ್ತದೆ. ಎರಡು ಮೂರು ವಾರಗಳಾದ ಮೇಲೆ ಅಜ್ಜನಿಗೆ ಮರೆವು, ನಡಿಗೆಯಲ್ಲಿ ಓಲಾಟ, ಒಂದು ಕಾಲಿನಲ್ಲಿ ಎಳೆತ. ಮುಪ್ಪಿನ ಅರಳುಮರುಳೆಂದು ಎಲ್ಲರೂ ಸುಮ್ಮನಾಗುತ್ತಾರೆ. ಬಿದ್ದ ಸಂಗತಿಯನ್ನು ಮೊಮ್ಮಗಳೊಬ್ಬಳು ನೆನಪಿಸಿ ಹೇಳಿದರೆ ವೈದ್ಯನಿಗೆ ಸಂಶಯ ಹುಟ್ಟುತ್ತದೆ. ಬುರುಡೆಯಲ್ಲಿ ಒಂದೆರಡು ಸಣ್ಣ ರಂಧ್ರ ಕೊರೆದು ಹಳೆಯ ರಕ್ತವನ್ನು ಹೊರಬಿಟ್ಟರೆ ಬಹಳ ಮಂದಿಗೆ ಹೋದ ಬುದ್ಧಿ ಮರಳುತ್ತದೆ. ರಕ್ತ ತೆಳುವಾಗುವ ಮಾತ್ರೆ ಸೇವಿಸುವವರಲ್ಲಿ ಈ ಅಪಾಯ ಹೆಚ್ಚು. ಅದನ್ನೂ ಮರೆಯದೆ ಹೇಳತಕ್ಕದ್ದು.

ಇನ್ನು ಬೆನ್ನುಹುರಿ. ಅದು ಸುಮಾರು 45 ಸೆಂಟಿಮೀಟರ್ ಉದ್ದ, ಕಿರುಬೆರಳಿನಷ್ಟು ದಪ್ಪ. ನಮ್ಮದು ಅಡಕೆ, ತೆಂಗುಗಳ ನಾಡು. ಕೊನೆ ಕೊಯ್ಯಲೆಂದೋ ಮದ್ದು ಬಿಡಲೆಂದೋ ಮರವೇರಿದವನು ಜಾರಿ ಬಿದ್ದರೆ ಸುತ್ತಲಿನವರ ಕರುಣೆಯೇ ಕೆಲವೊಮ್ಮೆ ಮುಳುವಾಗುತ್ತದೆ. ಬಿದ್ದವನನ್ನು ಎತ್ತಿ ಕುಳ್ಳಿರಿಸುವುದು, ಹೆಗಲ ಮೇಲೆ ಹೊರುವುದು, ಆಟೋದೊಳಗೆ ಮಡಚಿ ಕೂರಿಸುವುದು ಸರ್ವಥಾ ಕೂಡದು. ಮುರಿದ ಮೂಳೆಯು ಅಷ್ಟರವರೆಗೆ ಉಳಿದಿದ್ದ ಹುರಿಯನ್ನು ಆ ಗಳಿಗೆಯಲ್ಲಿ ಜಜ್ಜಬಹುದು. ಮೂರು ನಾಲ್ಕು ಮಂದಿ ಸೇರಿ, ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿರುವಂತೆ ಹಿಡಿದು, ಗಟ್ಟಿ ಹಲಗೆಯ ಮೇಲೆ ಮಲಗಿಸಿಯೇ ಸಾಗಿಸಬೇಕು. ಒತ್ತಡವನ್ನು ತೆಗೆದು, ತಿರುಪು ಸರಳುಗಳಿಂದ ಮೂಳೆಯನ್ನು ನಿಲ್ಲಿಸಲು ನಮಗೆ ಸಾಧ್ಯ. ತುಂಡಾದ ಹುರಿಯನ್ನು ಬೆಸೆಯುವ ವಿದ್ಯೆ ಇನ್ನೂ ಮನುಷ್ಯನ ಕೈಸೇರಿಲ್ಲ.

ಸೊಂಟನೋವಿನವರಿಗೆ ಒಂದು ಸಮಾಧಾನದ ಮಾತು. ಬೆನ್ನುನೋವಿಗಳಲ್ಲಿ ಬಹುಮಂದಿ ಶಸ್ತ್ರಕ್ರಿಯೆಯಿಲ್ಲದೆಯೇ ಕೆಲವು ವಾರಗಳಲ್ಲಿ ಗುಣಹೊಂದುತ್ತಾರೆ. ಆದರೆ ನೋವಿನೊಡನೆ ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಕುಳಿತುಕೊಳ್ಳುವ ಭಾಗದಲ್ಲಿ ಸ್ಪರ್ಶಜ್ಞಾನ ಹೋದರೆ, ಪಾದ ಎತ್ತಲಾಗದಿದ್ದರೆ ಒಂದು ದಿನವೂ ಕಾಯಬಾರದು.

ಇಲ್ಲಿಯೇ ಮಾತಿನ ಮಹತ್ವ ಎದ್ದು ಕಾಣುವುದು. ಕಾಲು ನೋಯುವುದು ಬೇರೆ, ಕಾಲು ಜೋಮು ಹಿಡಿಯುವುದು ಬೇರೆ, ಕಾಲು ಸೋಲುವುದು ಬೇರೆ. ಮೂರಕ್ಕೂ ನಮ್ಮ ಭಾಷೆಯಲ್ಲಿ ಬೇರೆಬೇರೆ ಪದಗಳಿವೆ. ಶರೀರದಲ್ಲಿಯೂ ಅವುಗಳ ಮಾರ್ಗಗಳು ಬೇರೆಬೇರೆ. ಹಾಗೆಯೇ ತಲೆಸುತ್ತು, ಕಣ್ಣು ಕತ್ತಲಿಡುವುದು, ನಡಿಗೆ ತೂಗಾಡುವುದು ಒಂದೇ ಅಲ್ಲ. ಮನೆಯಲ್ಲಿ ತುಳುವಿನಲ್ಲೋ ಕನ್ನಡದಲ್ಲೋ ಸ್ಪಷ್ಟವಾಗಿದ್ದ ಈ ಭೇದವು, ಆಸ್ಪತ್ರೆಯಲ್ಲಿ ಬಾರದ ಭಾಷೆಗೆ ಬದಲಾಗುವಾಗ ಬರಿಯ 'ನೋವು' ಎಂದೋ 'ಸುಸ್ತು' ಎಂದೋ ಆಗಿಬಿಡುತ್ತದೆ. ಗಡಿನಾಡಿನ ರೋಗಿಗೆ ಒದಗುವ ವಿಶೇಷ ತೊಂದರೆ ಇದು.

ಶಸ್ತ್ರಕ್ರಿಯೆಯ ಮೇಜಿನ ಮೇಲೂ ಮಾತು ಬೇಕಾಗುವ ಸಂದರ್ಭವುಂಟು. ಮಿದುಳಿಗೆ ಸ್ವತಃ ನೋವಿನ ಅರಿವಿಲ್ಲ. ಆದುದರಿಂದ ಮಾತಿನ ಕೇಂದ್ರಗಳ ಹತ್ತಿರ ಗಡ್ಡೆಯಿದ್ದರೆ, ಚರ್ಮವನ್ನು ಮಾತ್ರ ಮರಗಟ್ಟಿಸಿ, ರೋಗಿಯನ್ನು ಎಚ್ಚರವಾಗಿರಿಸಿಯೇ ಕೆಲಸ ಮಾಡುವುದುಂಟು. ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಡಾಕ್ಟರ್ ವೈಲ್ಡರ್ ಪೆನ್‌ಫೀಲ್ಡರು ಈ ಕ್ರಮವನ್ನು ಬಹುವಾಗಿ ಬೆಳೆಸಿದರು. ಚಾಂಡಿಯವರು ಅವರಲ್ಲಿಯೇ ಕಲಿತವರು. ರೋಗಿಗೆ ಚಿತ್ರ ತೋರಿಸಿ ಹೆಸರು ಕೇಳುತ್ತೇವೆ; ಜೊತೆಗೆ ಮಿದುಳಿನ ಒಂದೊಂದು ಎಡೆಗೆ ಸೂಕ್ಷ್ಮ ವಿದ್ಯುತ್ತನ್ನು ಸೋಕಿಸುತ್ತೇವೆ. ಎಲ್ಲಿ ಮಾತು ನಿಲ್ಲುವುದೋ ಆ ಎಡೆಯನ್ನು ಮುಟ್ಟದೆ ಉಳಿಸುತ್ತೇವೆ. 1978ರಲ್ಲಿ ಅಮೆರಿಕದ ಆಜಮನ್ ಮತ್ತು ವಿಟೇಕರ್ ಎಂಬವರು ದ್ವಿಭಾಷಿ ರೋಗಿಗಳನ್ನು ಹೀಗೆ ಪರೀಕ್ಷಿಸಿ, ಎರಡು ಭಾಷೆಗಳ ಎಡೆಗಳು ಪೂರ್ತಿ ಒಂದೇ ಅಲ್ಲವೆಂದು ತೋರಿಸಿದರು. ಹಾಗಿರುವಾಗ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಆಡುವ ನಮ್ಮವನೊಬ್ಬನನ್ನು ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿದರೆ ಅವನ ಯಾವ ಮಾತು ಉಳಿದೀತು? ಮಗನನ್ನು ಕರೆಯುವ ಮಾತು, ಹೆಂಡತಿಯೊಡನೆ ಆಡುವ ಮಾತು ಉಳಿಯಬೇಕಾದರೆ ಆ ಮಾತಿನಲ್ಲಿಯೇ ಪರೀಕ್ಷೆ ನಡೆಯಬೇಕು. ಮನೆಯಲ್ಲಿ ಯಾವ ಯಾವ ಭಾಷೆ ಬಳಕೆಯಲ್ಲಿದೆಯೆಂದು ವೈದ್ಯರಿಗೆ ಮೊದಲೇ ತಿಳಿಸಲು ಸಂಕೋಚಪಡಬೇಡಿರಿ.

ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. 2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ಸೋಂಕಿನ ಭೀತಿಯಿಂದ ತಲಪಾಡಿಯ ಗಡಿರಸ್ತೆ ಮುಚ್ಚಿದಾಗ, ಅಲ್ಲಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ರೋಗಿಗಳು ಪಟ್ಟ ಪಾಡನ್ನು ನೀವಾರೂ ಮರೆತಿರಲಾರಿರಿ. ದಾರಿಯ ಉದ್ದವನ್ನು ನಾವು ಕುಗ್ಗಿಸಲಾರೆವು. ಮನೆಯಲ್ಲಿಯೂ ಆಸ್ಪತ್ರೆಯ ಬಾಗಿಲಿನಲ್ಲಿಯೂ ಕಳೆದುಹೋಗುವ ಹೊತ್ತನ್ನು ಉಳಿಸಬಲ್ಲೆವು.

ಆದುದರಿಂದ ಎರಡು ಬಿನ್ನಹಗಳು. ಮೊದಲನೆಯದು ಮನೆಯವರಿಗೆ: ಪೆಟ್ಟು ಬಿದ್ದಾಗಲೂ ಪಕ್ಷವಾತ ಬಡಿದಾಗಲೂ ಗಡಿಯಾರ ನೋಡಿ ಬರೆದಿಡಿರಿ. ರೋಗಿಯು ಸರಿಯಾಗಿದ್ದುದನ್ನು ಕೊನೆಯ ಬಾರಿ ಕಂಡದ್ದು ಎಷ್ಟು ಗಂಟೆಗೆ ಎಂಬುದೇ ನಾವು ಕೇಳುವ ಮೊದಲ ಪ್ರಶ್ನೆ. ಪಕ್ಷವಾತದಲ್ಲಿ ಹೆಪ್ಪು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗಿದೆ. ಎರಡನೆಯದು ಸಂಘಕ್ಕೆ: ಕನ್ನಡ, ತುಳು, ಮಲಯಾಳಗಳೆಲ್ಲವನ್ನೂ ಬಲ್ಲ ತರುಣ ತರುಣಿಯರು ನಿಮ್ಮಲ್ಲಿ ಹಲವರಿದ್ದಾರೆ. ಊರಿಗೊಬ್ಬರಾದರೂ ರೋಗಿಯ ಜೊತೆ ಆಸ್ಪತ್ರೆಗೆ ಹೋಗಿ, ಅವನ ಮಾತನ್ನು ಕೂಡಿಸದೆ ಕಳೆಯದೆ ವೈದ್ಯರಿಗೆ ತಲುಪಿಸುವ ವ್ರತ ತೊಟ್ಟರೆ, ಅದು ಯಾವ ಉತ್ಸವಕ್ಕೂ ಕಡಮೆಯಲ್ಲದ ಭಾಷಾಸೇವೆಯಾದೀತು.