ಸ್ಲೇ ಹೆಡ್ ದಾರಿಯ ಕೈಮರಗಳು

ಐರ್ಲೆಂಡಿನ ನೈಋತ್ಯದಲ್ಲಿ, ಕೆರ್ರಿ ಕೌಂಟಿಯ ಡಿಂಗಲ್ ಎಂಬ ಸಣ್ಣ ಬಂದರಿನಿಂದ ಹೊರಟು ಸ್ಲೇ ಹೆಡ್ ಭೂಶಿರವನ್ನು ಬಳಸಿ ಮರಳುವ ದಾರಿ 50 ಕಿಲೋಮೀಟರಿಗೂ ಕಡಿಮೆ. ಅಲ್ಲಿಯೂ ನಮ್ಮಂತೆ ಎಡಬದಿಯ ಸಂಚಾರ. ಕಾರು ನಡೆಸುವುದು ಕಷ್ಟವಲ್ಲ, ಕಣ್ಣನ್ನು ರಸ್ತೆಯ ಮೇಲೆ ನಿಲ್ಲಿಸುವುದು ಕಷ್ಟ. ಒಂದು ಮಗ್ಗುಲಲ್ಲಿ ಕಲ್ಲುಬೇಲಿಯ ಹಸುರು ಇಳಿಜಾರು, ಇನ್ನೊಂದು ಮಗ್ಗುಲಲ್ಲಿ ಅಟ್ಲಾಂಟಿಕ್.

ಕೇಳುಗರಿಗೆ ನಗು ಬಂದೀತು. ಕನ್ನಡದ ಮೇಷ್ಟ್ರಾದ ನನ್ನನ್ನು ತಡೆದು ನಿಲ್ಲಿಸಿದವು ಅಲ್ಲಿನ ಕೈಮರಗಳು. ದೇಶದ ಬೇರೆಡೆ ಐರಿಷ್, ಇಂಗ್ಲಿಷ್ ಎರಡೂ ಉಂಟು. ಐರಿಷ್ ಆಡುನುಡಿಯಾಗಿ ಉಳಿದಿರುವ ಈ ಸೀಮೆಯಲ್ಲಿ ಊರ ಹೆಸರು ಬಹುಮಟ್ಟಿಗೆ ಐರಿಷಿನಲ್ಲಿ ಮಾತ್ರ. 2005ರಲ್ಲಿ ಸರ್ಕಾರ ಡಿಂಗಲ್ ಎಂಬ ಇಂಗ್ಲಿಷ್ ಹೆಸರಿನ ಮಾನ್ಯತೆಯನ್ನೂ ತೆಗೆದುಹಾಕಿತು. ಒಪ್ಪದವರು ಊರವರೇ! ಪ್ರವಾಸಿಗಳು ದಾರಿ ತಪ್ಪಿಯಾರೆಂಬ ಚಿಂತೆ. 2006ರಲ್ಲಿ ಮತ ಹಾಕಿ ಎರಡೂ ಹೆಸರು ಬೇಕೆಂದರು; 2011ರಲ್ಲಿ ಕಾನೂನೂ ಒಪ್ಪಿತು. ಅವರನ್ನು ಭಾಷಾದ್ರೋಹಿಗಳೆನ್ನಲು ನನಗೆ ಮನಸ್ಸಿಲ್ಲ. ಫಲಕದ ನುಡಿಯನ್ನು ಆಡುವವರಿಗೆ ಅನ್ನವೂ ಅಲ್ಲಿಯೇ ಹುಟ್ಟಬೇಕಲ್ಲ!

ಡೂನ್ ಖೀನ್ ಹಳ್ಳಿಯ ಬಳಿ ಕಾರು ನಿಲ್ಲಿಸಿದರೆ, ಸುಮಾರು 2 ಕಿಲೋಮೀಟರಿನಾಚೆ ಗ್ರೇಟ್ ಬ್ಲಾಸ್ಕೆಟ್ ದ್ವೀಪ. ಒಂದು ಕಾಲಕ್ಕೆ 150ಕ್ಕೂ ಹೆಚ್ಚು ಜನರ ನೆಲೆ. ನಿತ್ಯದ ನುಡಿ ಐರಿಷ್. ನಡುವಯಸ್ಸಿನಲ್ಲಿ ಐರಿಷ್ ಬರಹ ಕಲಿತ ಬೆಸ್ತ ತೋಮಾಸ್ ಓ ಕ್ರಿಹನ್ ಎಂಬವನ ಆತ್ಮಕಥೆ 1929ರಲ್ಲಿ ಪ್ರಕಟವಾಯಿತು; ಪೆಗ್ ಸೇಯರ್ಸ್ ಎಂಬಾಕೆ ಹೇಳಿ ಬರೆಯಿಸಿದುದು 1936ರಲ್ಲಿ. ಎಳೆಯರು ಅಮೆರಿಕೆಗೆ ಹೋದರು. ಉಳಿದವರಿಗೆ ವಯಸ್ಸಾಯಿತು, ಚಳಿಗಾಲದ ಕಡಲು ವೈದ್ಯನನ್ನೂ ದಾಟಗೊಡದು. 1953ರಲ್ಲಿ ಸರ್ಕಾರ ದ್ವೀಪವನ್ನು ತೆರವು ಮಾಡಿಸಿತು.

ಚಾವಣಿ ಕಳಚಿದ ಗೋಡೆಗಳು ಈಚೆ ದಡಕ್ಕೂ ಕಾಣುತ್ತವೆ. ರಸ್ತೆಯಂಚಿನಲ್ಲಿ ಪ್ರವಾಸಿಗಳೆಲ್ಲ ಅತ್ತ ಕ್ಯಾಮೆರಾ ತಿರುಗಿಸಿದ್ದರು, ನಾನೂ ತಿರುಗಿಸಿದೆ.