ಬಿಡುವವನನ್ನು ಒಂಟಿಯಾಗಿ ಬಿಡದಿರೋಣ

(ಮೊಹಲ್ಲಾ ಕುಟುಂಬ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಧೂಮಪಾನ ಹಾನಿಕರ ಎಂದು ಸಾಬೀತುಪಡಿಸಲು ನಾವಿಂದು ಇಲ್ಲಿ ಸೇರಿಲ್ಲ. ಆ ಹಾನಿಯ ಅರಿವು ಸೇದದವರಿಗಿಂತ ಸೇದುವವರಿಗೇ ಚೆನ್ನಾಗಿದೆ. ಪೊಟ್ಟಣದ ಶೇ. 85 ಭಾಗವನ್ನು ಎಚ್ಚರಿಕೆಯ ಚಿತ್ರ ಆವರಿಸಿರಬೇಕೆಂಬ ನಿಯಮವು 2016ರಿಂದ ಜಾರಿಯಲ್ಲಿದೆ. ಸೇದುವವನು ದಿನಕ್ಕೆ ಹತ್ತು ಬಾರಿ ಆ ಚಿತ್ರವನ್ನು ನೋಡಿಯೇ ಕಡ್ಡಿ ಗೀರುತ್ತಾನೆ. ಧೂಮಪಾನ ಹರಾಮೋ ಮಕ್ರೂಹೋ ಎಂಬ ಚರ್ಚೆಯನ್ನು ಉಲೆಮಾಗಳಿಗೆ ಬಿಟ್ಟುಬಿಡೋಣ. ನಾವಿಂದು ಮಾತನಾಡಬೇಕಾದುದು ಒಂದೇ ವಿಷಯದ ಕುರಿತು. ಒಬ್ಬ ಸಹೋದರನು ಇಂದಿನಿಂದ ಬಿಟ್ಟೆ ಎಂದು ನಿರ್ಧರಿಸುತ್ತಾನೆ. ಆತನ ಮೊದಲ ಕೆಲವು ದಿನಗಳಲ್ಲಿ ನಾವು ಎಲ್ಲಿರುತ್ತೇವೆ?

ಸೇದುವವರಿಗೆ ಬಿಡುವ ಇಚ್ಛೆಯೇ ಇಲ್ಲವೆಂದು ನಾವು ಭಾವಿಸಿದ್ದೇವೆ. ಇದು ನಿಜವಲ್ಲ. ನಮ್ಮ ದೇಶದಲ್ಲಿ 2016-17ರಲ್ಲಿ ನಡೆದ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ, ಸೇದುವವರ ಪೈಕಿ ಶೇ. 55ರಷ್ಟು ಮಂದಿ ಬಿಡುವ ಯೋಚನೆಯಲ್ಲಿದ್ದೇವೆ ಎಂದಿದ್ದರು. ಶೇ. 38ಕ್ಕಿಂತ ಹೆಚ್ಚು ಮಂದಿ ಹಿಂದಿನ 12 ತಿಂಗಳುಗಳಲ್ಲಿ ಒಮ್ಮೆಯಾದರೂ ಪ್ರಯತ್ನಿಸಿದ್ದರು. ಆದರೆ ಯಾವ ನೆರವೂ ಇಲ್ಲದೆ ಮಾಡುವ ಪ್ರಯತ್ನಗಳಲ್ಲಿ ಸಫಲವಾಗುವುದು ನೂರಕ್ಕೆ ನಾಲ್ಕರಷ್ಟು ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತಜ್ಞರ ಸಲಹೆ ಮತ್ತು ಔಷಧದ ನೆರವು ದೊರೆತರೆ ಈ ಸಾಧ್ಯತೆಯು ಎರಡು ಪಟ್ಟಿಗಿಂತಲೂ ಹೆಚ್ಚಾಗುತ್ತದೆ. ಅಂದರೆ ನಮ್ಮಲ್ಲಿ ಕೊರತೆಯಿರುವುದು ಸಂಕಲ್ಪದ್ದಲ್ಲ, ನೆರವಿನದು.

ಆ ದಿನಗಳಲ್ಲಿ ದೇಹದೊಳಗೆ ಏನು ನಡೆಯುತ್ತದೆಂಬುದನ್ನು ಮನೆಮಂದಿಯೆಲ್ಲ ತಿಳಿದಿರಬೇಕು. ಕೊನೆಯ ಸಿಗರೇಟಿನ 20 ನಿಮಿಷಗಳ ಬಳಿಕ ಹೃದಯ ಬಡಿತ ಇಳಿಯತೊಡಗುತ್ತದೆ. 12 ಗಂಟೆಗಳಲ್ಲಿ ರಕ್ತದಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಸಹಜ ಮಟ್ಟಕ್ಕೆ ಬರುತ್ತದೆ. ಹೀಗೆ ದೇಹವು ಒಂದೆಡೆ ಚೇತರಿಸಿಕೊಳ್ಳುತ್ತಿರುವಾಗಲೇ, ನಿಕೋಟಿನ್‌ಗೆ ಒಗ್ಗಿಹೋಗಿರುವ ಮೆದುಳು ಅದಕ್ಕಾಗಿ ಹಂಬಲಿಸತೊಡಗುತ್ತದೆ. ಸಿಡುಕು, ತಲೆನೋವು, ನಿದ್ರಾಹೀನತೆ, ಚಡಪಡಿಕೆ, ವಿಪರೀತ ಹಸಿವು, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು - ಇವೆಲ್ಲ ಎರಡನೆಯ ಮತ್ತು ಮೂರನೆಯ ದಿನ ತುತ್ತತುದಿಗೇರುತ್ತವೆ. ಆ ಬಳಿಕ ಎರಡರಿಂದ ನಾಲ್ಕು ವಾರಗಳಲ್ಲಿ ಕ್ರಮೇಣ ಇಳಿಯುತ್ತವೆ. ಸೇದಲೇಬೇಕೆಂಬ ಒಂದೊಂದು ಹಂಬಲವೂ ಸಾಮಾನ್ಯವಾಗಿ ಕೆಲವೇ ನಿಮಿಷಗಳದ್ದು. ಆ ಕೆಲವು ನಿಮಿಷ ಜೊತೆಗಿದ್ದು ಮಾತನಾಡಿಸುವ ಒಬ್ಬ ವ್ಯಕ್ತಿಯಿದ್ದರೆ ಅದು ಬಂದ ಹಾಗೆಯೇ ಹೋಗುತ್ತದೆ.

ಆದರೆ ನಮ್ಮ ಸಮಾಜದಲ್ಲಿ ಆತನಿಗೆ ಸಿಗುವುದೇನು? ಚಹಾದಂಗಡಿಯಲ್ಲಿ ಗೆಳೆಯರು, “ಎಷ್ಟು ದಿನ ಅಂತ ನಾವೂ ನೋಡುತ್ತೇವೆ” ಎಂದು ನಗುತ್ತಾರೆ. ಮನೆಯಲ್ಲಿ ಆತನು ಸಿಡುಕಿದರೆ, “ಇದಕ್ಕಿಂತ ಸೇದುತ್ತಿದ್ದಾಗಲೇ ವಾಸಿ” ಎಂಬ ಮಾತು ಬರುತ್ತದೆ. ಮಸೀದಿಯಲ್ಲಿ ತಂಬಾಕಿನ ಕೇಡಿನ ಬಗ್ಗೆ ಖುತ್ಬಾ ಕೇಳುತ್ತಾನೆ. ನಮಾಝ್ ಮುಗಿದ ಬಳಿಕ ಆತನ ಹೆಗಲ ಮೇಲೆ ಕೈಯಿಟ್ಟು, ಇಂದು ಎಷ್ಟನೇ ದಿನ, ನಿನ್ನೆ ರಾತ್ರಿ ನಿದ್ದೆ ಬಂತೇ ಎಂದು ಕೇಳುವವರು ಯಾರೂ ಇರುವುದಿಲ್ಲ. ಮೂರನೆಯ ದಿನ ಸಂಜೆ ಆತನು ಗೂಡಂಗಡಿಯ ಮುಂದೆ ಒಂಟಿಯಾಗಿ ನಿಂತಿರುತ್ತಾನೆ. ನಾಲ್ಕನೆಯ ದಿನ ನಾವೆಲ್ಲ ಸೇರಿ ಆತನನ್ನು ಮನಸ್ಸು ಗಟ್ಟಿಯಿಲ್ಲದವನೆಂದು ಕರೆಯುತ್ತೇವೆ.

ಮದೀನಾದ ಸಮಾಜವು ಮದ್ಯವನ್ನು ಹೇಗೆ ಬಿಟ್ಟಿತೆಂಬುದನ್ನು ಸ್ವಲ್ಪ ನೆನಪಿಸಿಕೊಳ್ಳೋಣ. ಮೊದಲು ಅದರಲ್ಲಿ ಲಾಭಕ್ಕಿಂತ ಕೇಡು ಹೆಚ್ಚೆಂದು ಸೂರಃ ಅಲ್‌ಬಕರಃ ತಿಳಿಸಿತು. ಬಳಿಕ ಅಮಲಿನಲ್ಲಿ ನಮಾಝನ್ನು ಸಮೀಪಿಸಬಾರದೆಂದು ಸೂರಃ ಅನ್ನಿಸಾ ವಿಧಿಸಿತು. ಕೊನೆಗೆ ಸೂರಃ ಅಲ್‌ಮಾಇದಃದಲ್ಲಿ ಸಂಪೂರ್ಣ ನಿಷೇಧ ಬಂತು. ಆ ದಿನ ಅಬೂ ತಲ್‌ಹಾರವರ(ರ) ಮನೆಯಲ್ಲಿ ಅನಸ್(ರ) ಮದ್ಯ ಹಂಚುತ್ತಿದ್ದರು. ಬೀದಿಯಲ್ಲಿ ಘೋಷಣೆ ಕೇಳಿಸಿದೊಡನೆ ಇದ್ದುದೆಲ್ಲವನ್ನೂ ಚೆಲ್ಲಿಬಿಟ್ಟರು. ಮದೀನಾದ ಓಣಿಗಳಲ್ಲಿ ಅದು ಹರಿಯಿತು. ಇದರಲ್ಲಿ ನಾವು ಈಮಾನಿನ ಬಲವನ್ನು ಕಾಣುತ್ತೇವೆ, ಅದು ಸರಿ. ಆದರೆ ಇನ್ನೊಂದು ಅಂಶವೂ ಇದೆ. ಅಲ್ಲಿ ಯಾರೂ ಒಂಟಿಯಾಗಿ ಬಿಡಲಿಲ್ಲ. ನೆರೆಮನೆಯವನೂ ಗೆಳೆಯನೂ ಅದೇ ಗಳಿಗೆಯಲ್ಲಿ ಬಿಟ್ಟರು. ಮರುದಿನ ಕೈಗೆ ಬಟ್ಟಲು ಕೊಡುವವರು ಓಣಿಯಲ್ಲೇ ಉಳಿದಿರಲಿಲ್ಲ. ನಮ್ಮ ಸಹೋದರನಾದರೋ ಹತ್ತು ಮಂದಿ ಸೇದುವ ಓಣಿಯಲ್ಲಿ ಒಬ್ಬನೇ ಬಿಡಬೇಕಾಗಿದೆ.

ಮದ್ಯ ಸೇವಿಸಿ ಶಿಕ್ಷೆಗೊಳಗಾದ ವ್ಯಕ್ತಿಯೊಬ್ಬರನ್ನು ಜನರು ಶಪಿಸತೊಡಗಿದಾಗ ಪ್ರವಾದಿವರ್ಯರು(ಸ) ಅವರನ್ನು ತಡೆದರು; ನಿಮ್ಮ ಸಹೋದರನ ವಿರುದ್ಧ ಶೈತಾನನಿಗೆ ನೆರವಾಗಬೇಡಿರೆಂದು ಎಚ್ಚರಿಸಿದರು. 99 ಕೊಲೆಗಳನ್ನು ಮಾಡಿ, ಬಳಿಕ ನೂರನೆಯದನ್ನೂ ಮಾಡಿದ ವ್ಯಕ್ತಿಯ ಕತೆ ಹದೀಸ್‌ನಲ್ಲಿದೆ. ಆತನಿಗೆ ಪಶ್ಚಾತ್ತಾಪದ ಬಾಗಿಲು ತೆರೆದಿದೆಯೆಂದು ಹೇಳಿದ ವಿದ್ವಾಂಸರು ಅಷ್ಟಕ್ಕೇ ಸುಮ್ಮನಾಗಲಿಲ್ಲ. ಕೆಡುಕಿನ ಆ ಊರನ್ನು ತೊರೆದು ಸಜ್ಜನರಿರುವ ಊರಿಗೆ ಹೋಗಬೇಕೆಂದರು. ತೌಬಾ ಉಳಿಯಬೇಕಾದರೆ ಪರಿಸರ ಬದಲಾಗಬೇಕೆಂಬುದು ಅದರ ತಿರುಳು. ತಂಬಾಕು ಬಿಡುವವನು ಊರು ಬಿಡಲಾರ. ಆದುದರಿಂದ ಊರೇ ಕೆಲವು ದಿನ ಆತನಿಗಾಗಿ ಬದಲಾಗಬೇಕು.

ಬರೇ ಭಯ ಮತ್ತು ದಂಡನೆಯಿಂದ ಈ ಚಟ ಹೋಗದೆಂಬುದಕ್ಕೆ ಇತಿಹಾಸವೇ ಸಾಕ್ಷಿ. ಅಕ್ಬರನ ಆಸ್ಥಾನಕ್ಕೆ ತಂಬಾಕನ್ನು ಕೊಂಡೊಯ್ದ ಅಸದ್ ಬೇಗ್‌ಗೆ ಅದು ದೊರೆತದ್ದು ನಮ್ಮ ಬಿಜಾಪುರದಲ್ಲಿ, 17ನೇ ಶತಮಾನದ ಆರಂಭದಲ್ಲಿ. ಜಹಾಂಗೀರನು 1617ರಲ್ಲಿ ಅದನ್ನು ನಿಷೇಧಿಸಿದನು. ಉಸ್ಮಾನೀ ಸುಲ್ತಾನ ನಾಲ್ಕನೆಯ ಮುರಾದ್ 1633ರಲ್ಲಿ ನಿಷೇಧ ಹೇರಿ ಮರಣದಂಡನೆಯನ್ನೇ ವಿಧಿಸಿದನು. ಆದರೂ ಹೊಗೆ ನಿಲ್ಲಲಿಲ್ಲ. ಇಂದು ಕಾನೂನು ಬೇಡವೆಂದು ನಾವು ಹೇಳುತ್ತಿಲ್ಲ. ಕರ್ನಾಟಕವು 2025ರಲ್ಲಿ ತಂಬಾಕು ಖರೀದಿಯ ಕನಿಷ್ಠ ವಯಸ್ಸನ್ನು 21ಕ್ಕೇರಿಸಿ, ಸಾರ್ವಜನಿಕ ಸ್ಥಳಗಳಲ್ಲಿ ಸೇದಿದರೆ ದಂಡವನ್ನು 200ರಿಂದ 1000 ರೂಪಾಯಿಗೆ ಹೆಚ್ಚಿಸಿ, ಹುಕ್ಕಾ ಬಾರ್‌ಗಳನ್ನು ನಿಷೇಧಿಸಿದ್ದು ಸ್ವಾಗತಾರ್ಹ. ಆದರೆ ಸರಕಾರ ದಂಡ ವಿಧಿಸಬಲ್ಲದೇ ಹೊರತು, ಮೂರನೆಯ ದಿನ ರಾತ್ರಿ ಆತನ ಪಕ್ಕದಲ್ಲಿ ಕುಳಿತುಕೊಳ್ಳಲಾರದು. ಅದು ನಮ್ಮ ಕೆಲಸ.

ಸರಕಾರದ ಇಬ್ಬಗೆಯನ್ನೂ ಇಲ್ಲಿ ಹೇಳಲೇಬೇಕು. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿಯು ಸಿಗರೇಟಿಗೆ ಶೇ. 40 ತೆರಿಗೆ ನಿಗದಿಪಡಿಸಿತು. ಬೀಡಿಯ ತೆರಿಗೆಯನ್ನು ಮಾತ್ರ ಶೇ. 28ರಿಂದ 18ಕ್ಕೆ ಇಳಿಸಲು ತೀರ್ಮಾನಿಸಿತು. ಬೀಡಿಯೇನೂ ಸಿಗರೇಟಿಗಿಂತ ಸೌಮ್ಯವಲ್ಲ. ಅದರ ಹೊಗೆಯೂ ಅಷ್ಟೇ ಮಾರಕ. ಅದನ್ನು ಸೇದುವವರು ಬಡವರು, ಕಟ್ಟುವವರೂ ಬಡವರೇ. ಕರಾವಳಿಯ ಅದೆಷ್ಟೋ ತಾಯಂದಿರು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ್ದಾರೆ. ಅವರ ದುಡಿಮೆಯನ್ನು ನಾವು ಗೌರವಿಸುತ್ತೇವೆ. ಆದರೆ ಅವರ ಹೆಸರು ಹೇಳಿ ಬಡವರ ಹೊಗೆಯನ್ನು ಅಗ್ಗವಾಗಿಸುವುದು ನ್ಯಾಯವಲ್ಲ. ಆ ತಾಯಂದಿರಿಗೆ ಬೇರೆ ಜೀವನೋಪಾಯವನ್ನು ಒದಗಿಸುವುದೇ ನಿಜವಾದ ಕಾಳಜಿ.

ಈಗ ನಾವು ಮಾಡಬಹುದಾದ ಕೆಲಸಗಳನ್ನು ನೋಡೋಣ.

ಮೊದಲನೆಯದು ಮನೆ. ಬಿಡುವ ದಿನವನ್ನು ಮುಂಚಿತವಾಗಿ ಗೊತ್ತುಪಡಿಸಿ, ಮನೆಮಂದಿಗೂ ಇಬ್ಬರು ಗೆಳೆಯರಿಗೂ ತಿಳಿಸಲಿ. ಹಿಂದಿನ ರಾತ್ರಿಯೇ ಬೂದಿ ತಟ್ಟೆ, ಲೈಟರ್, ಅಂಗಿಯ ಜೇಬಿನಲ್ಲಿ ಉಳಿದ ಪೊಟ್ಟಣ ಎಲ್ಲವೂ ಮನೆಯಿಂದ ಹೊರಹೋಗಲಿ. ಸಹೋದರಿಯರೇ, ಮೊದಲ ವಾರದ ಆ ಸಿಡುಕನ್ನು ನಿಕೋಟಿನ್‌ನ ಲೆಕ್ಕಕ್ಕೆ ಬರೆದುಬಿಡಿ. ಹಳೆಯ ಜಗಳಗಳನ್ನು ಆ ವಾರ ತೆಗೆಯಬೇಡಿ. ಆದರೆ ಸಿಡುಕು ಬೇರೆ, ಬೈಗುಳ ಬೇರೆ. ಮಡದಿ ಮಕ್ಕಳ ಮೇಲೆ ಕೈಯೆತ್ತಲು ತಂಬಾಕು ಬಿಟ್ಟದ್ದು ಯಾರಿಗೂ ನೆಪವಾಗಕೂಡದು. ಚಹಾ ಮತ್ತು ಕಾಫಿಯನ್ನು ಅರ್ಧಕ್ಕಿಳಿಸಿ. ಸೇದುವುದನ್ನು ನಿಲ್ಲಿಸಿದಾಗ ಕೆಫೀನ್ ದೇಹದಲ್ಲಿ ಹೆಚ್ಚು ಹೊತ್ತು ಉಳಿದು ಚಡಪಡಿಕೆಯನ್ನು ಹೆಚ್ಚಿಸುತ್ತದೆ. ಹಂಬಲ ಬಂದಾಗ ಒಂದು ಲೋಟ ನೀರು, ಕೆಲವು ದೀರ್ಘ ಉಸಿರು, ಒಂದು ವುಝೂ, ಮಗುವಿನೊಂದಿಗೆ ಬೀದಿಯ ಕೊನೆಯವರೆಗೆ ನಡಿಗೆ - ಇಷ್ಟು ಸಾಕು.

ಎರಡನೆಯದು ಗೆಳೆಯರು. ನೀವು ಬಿಡದಿದ್ದರೂ ಆತನ ಎದುರು ಸೇದಬೇಡಿ, ಆತನಿಗೆ ಕೊಡಬೇಡಿ. ‘ಒಂದೇ ಒಂದು’ ಎಂದು ಒತ್ತಾಯಿಸುವ ಗೆಳೆತನವು ಗೆಳೆತನವಲ್ಲ.

ಮೂರನೆಯದು ಮಸೀದಿ ಮತ್ತು ಜಮಾಅತ್. ಪ್ರತಿಯೊಂದು ಮೊಹಲ್ಲಾದಲ್ಲೂ ತಂಬಾಕು ಬಿಟ್ಟು ವರ್ಷಗಳಾದ ಕೆಲವರಿದ್ದಾರೆ. ಅವರಿಗಿಂತ ದೊಡ್ಡ ಉಪದೇಶಕರಿಲ್ಲ. ಹೊಸದಾಗಿ ಬಿಡುವ ಒಬ್ಬೊಬ್ಬನಿಗೂ ಅಂತಹ ಒಬ್ಬೊಬ್ಬರನ್ನು ಜೊತೆಗೂಡಿಸೋಣ. ಫಜ್ರ್ ಬಳಿಕ ಒಂದಷ್ಟು ದೂರ ನಡಿಗೆ, ಮಗ್ರಿಬ್ ಮತ್ತು ಇಶಾದ ನಡುವೆ ಒಂದಿಷ್ಟು ಹೊತ್ತು ಮಾತುಕತೆ, ರಾತ್ರಿ ಒಂದು ಫೋನ್ ಕರೆ. ಮೊದಲ ಎರಡು ವಾರ ಇದು ತಪ್ಪದಿರಲಿ. ಯಾರ ಹೆಸರನ್ನೂ ಮೈಕಿನಲ್ಲಿ ಹೇಳಬೇಕಾಗಿಲ್ಲ. ಎಲೆ ಅಡಿಕೆಯೊಂದಿಗೆ ಹೊಗೆಸೊಪ್ಪು ಜಗಿಯುವ ನಮ್ಮ ತಾಯಂದಿರಿಗೂ ಇಂತಹದೇ ಜೊತೆ ಬೇಕು. ಮಹಿಳೆಯರ ಕುರ್‌ಆನ್ ತರಗತಿಗಳು ಈ ಹೊಣೆಯನ್ನು ವಹಿಸಿಕೊಳ್ಳಬಹುದು.

ನಾಲ್ಕನೆಯದು ವೈದ್ಯರು. ಔಷಧ ಪಡೆಯುವುದು ತವಕ್ಕುಲ್‌ಗೆ ವಿರುದ್ಧವೆಂದು ಯಾರೂ ಭಾವಿಸದಿರಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2002ರಿಂದಲೇ ತಂಬಾಕು ಬಿಡಿಸುವ ಚಿಕಿತ್ಸೆಯಿದೆ. 1800-11-2356 ಎಂಬ ಶುಲ್ಕರಹಿತ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆಯು 2018ರಿಂದ ಪೊಟ್ಟಣಗಳ ಮೇಲೆಯೇ ಮುದ್ರಿತವಾಗುತ್ತಿದೆ. ಕನ್ನಡದಲ್ಲೂ ಸಲಹೆ ಸಿಗುತ್ತದೆ. ಬೆಳಗ್ಗೆ ಎದ್ದ ಕೂಡಲೇ ಸೇದುವವರಿಗೆ ನಿಕೋಟಿನ್ ಚ್ಯೂಯಿಂಗ್ ಗಮ್‌ನಂತಹ ನೆರವು ಬೇಕಾಗಬಹುದು. ಅದನ್ನು ಮಿಠಾಯಿಯಂತೆ ಒಂದೇ ಸಮನೆ ಜಗಿಯಬಾರದು. ಸ್ವಲ್ಪ ಜಗಿದು, ನಾಲಗೆ ಚುರುಗುಟ್ಟಿದಾಗ ಕೆನ್ನೆಯ ಬದಿಗೆ ಒತ್ತಿಡಬೇಕು. ಹೃದ್ರೋಗಿಗಳೂ ಗರ್ಭಿಣಿಯರೂ ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು.

ಇದು ಸಾಧ್ಯವೇ ಎಂದು ಕೇಳುವವರಿಗೆ ರಮಝಾನ್ ಉತ್ತರ ಕೊಡುತ್ತದೆ. ದಿನಕ್ಕೆ ಒಂದು ಪೊಟ್ಟಣ ಸೇದುವವನೂ ಸಹರಿಯಿಂದ ಇಫ್ತಾರ್‌ವರೆಗೆ 13-14 ಗಂಟೆ ಮುಟ್ಟದೆ ಇರುತ್ತಾನೆ. ಹೇಗೆ? ಅಲ್ಲಾಹನ ಭಯವಿದೆ, ನಿಜ. ಜೊತೆಗೆ ಇಡೀ ಮನೆ, ಇಡೀ ಮೊಹಲ್ಲಾ ಆತನೊಂದಿಗೆ ಉಪವಾಸವಿದೆ. ಇಫ್ತಾರ್ ಆದೊಡನೆ ಆ ಜೊತೆ ಚದುರುತ್ತದೆ. ಆತನು ಮಸೀದಿಯ ಗೇಟು ದಾಟಿ ಗೂಡಂಗಡಿಯತ್ತ ಹೋಗುತ್ತಾನೆ. ಮಗ್ರಿಬ್‌ನಿಂದ ತರಾವೀಹ್‌ವರೆಗಿನ ಆ ಒಂದೆರಡು ಗಂಟೆ ಆತನ ಕೈ ಹಿಡಿದುಕೊಂಡರೆ ಅರ್ಧ ದಾರಿ ಸಾಗಿದಂತೆಯೇ.

ಯಾರಾದರೂ ಎಡವಿದರೆ? ಹತ್ತನೆಯ ದಿನ ಒಂದು ಸೇದಿದನೆಂದು ತಿಳಿದರೆ? ಒಂಬತ್ತು ದಿನಗಳ ಗೆಲುವನ್ನು ಎತ್ತಿ ಹೇಳಿ, ಅದೇ ಸಂಜೆ ಮತ್ತೆ ಆರಂಭಿಸಲು ನೆರವಾಗಿ. ಹಲವರು ಹಲವು ಬಾರಿ ಪ್ರಯತ್ನಿಸಿದ ಬಳಿಕವೇ ಪೂರ್ತಿಯಾಗಿ ಬಿಟ್ಟಿದ್ದಾರೆ. ಒಂದು ವರ್ಷ ಉಳಿಸಿಕೊಂಡವನ ಹೃದ್ರೋಗದ ಹೆಚ್ಚುವರಿ ಅಪಾಯವು ಸೇದುವವನಿಗಿಂತ ಅರ್ಧದಷ್ಟಕ್ಕೆ ಇಳಿದಿರುತ್ತದೆ.

ಸಹೋದರರೇ, ಶ್ವಾಸಕೋಶದ ಕ್ಯಾನ್ಸರ್‌ನಿಂದ ಒಬ್ಬರು ತೀರಿಕೊಂಡಾಗ ಅವರ ಜನಾಝಕ್ಕೆ ಇಡೀ ಊರು ಸೇರುತ್ತದೆ. ಮಯ್ಯಿತ್‌ಗೆ ಹೆಗಲು ಕೊಡಲು ನಾವು ಸ್ಪರ್ಧಿಸುತ್ತೇವೆ. ಅದು ಪುಣ್ಯದ ಕೆಲಸ. ಆದರೆ ಅದೇ ಹೆಗಲು, ಆತನು ಬದುಕಿದ್ದಾಗ, ಬಿಡಲು ಹೆಣಗುತ್ತಿದ್ದ ಆ ಮೂರು ದಿನ ಸಿಕ್ಕಿದ್ದರೆ? ಒಳಿತಿನಲ್ಲಿ ಪರಸ್ಪರ ಸಹಕರಿಸಬೇಕೆಂದು ಕುರ್‌ಆನ್ ನಮಗೆ ಆದೇಶಿಸಿದೆ. ಈ ಸಭೆಯಿಂದ ಎದ್ದು ಹೋಗುವಾಗ ಪ್ರತಿಯೊಬ್ಬರೂ ತಮಗೆ ತಿಳಿದಿರುವ ಒಬ್ಬ ವ್ಯಕ್ತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಉಪದೇಶ ಮಾಡಬೇಡಿ. ನೀನು ಯಾವ ದಿನ ಬಿಡುತ್ತೀ ಹೇಳು, ಆ ದಿನ ನಾನು ಬರುತ್ತೇನೆ ಎಂದಷ್ಟೇ ಹೇಳಿ. ಮತ್ತು ಆ ದಿನ ಖಂಡಿತ ಹೋಗಿ.

ಅಲ್ಲಾಹನು ನಮಗೆಲ್ಲರಿಗೂ ಅದರ ತೌಫೀಕ್ ನೀಡಲಿ. ಆಮೀನ್.